ಕುಬಸಕ್ಕೆ ಹುಬ್ಬಳ್ಳಿಗೆ ಬಂದಿದ್ದೇನೆ, ವಾಪಸ್ ಇಂಗ್ಲೆಂಡಿಗೆ ಹೋಗೋಕೆ ಮನಸ್ಸಿಲ್ಲ

ಹಸಿರುಬಳಿ

ಹುಬ್ಬಳ್ಳಿ ವಿದ್ಯಾನಗರದ ಅಮ್ಮನ ಮನೆಯಿಂದ ಬರೆಯುತ್ತಿದ್ದೇನೆ. ನನಗೀಗ 26 ವಾರ. ಮೊನ್ನೆ ಕುಬಸ (ಸೀಮಂತ) ಆಯಿತು. ಕೈತುಂಬ ಹಸಿರು ಬಳೆ, ಮಂಚದ ಕೆಳಗೆ ಮೂರು ಡಬ್ಬಿ ಉಂಡಿ. ಇನ್ನು ಒಂಬತ್ತು ದಿನಕ್ಕೆ ಹೊರಡಬೇಕು. 28 ವಾರ ದಾಟಿದರೆ ವಿಮಾನದವರು ಡಾಕ್ಟರ್ ಪತ್ರ ಕೇಳುತ್ತಾರೆ ಅಂತ ಆ ಲೆಕ್ಕದಲ್ಲೇ ಟಿಕೆಟ್ ಮಾಡಿಸಿದ್ದು. ಈಗ ಹೋಗೋಕೆ ಮನಸ್ಸೇ ಬರುತ್ತಿಲ್ಲ.

ದೊಡ್ಡದೇನೂ ಆಗಿಲ್ಲ. ಯಾರೂ ಹೊಡೆದಿಲ್ಲ, ಕಲ್ಲು ಎಸೆದಿಲ್ಲ. ಹಾಗಾಗಿ ಹೇಳಿಕೊಳ್ಳೋಕೂ ಸಂಕೋಚ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಯೊಬ್ಬಳು ನನ್ನ ಹೊಟ್ಟೆ ನೋಡಿ, ಕಿಟಕಿ ಕಡೆ ಮುಖ ತಿರುಗಿಸಿ, "ಇನ್ನೊಂದು ಬರ್ತಾ ಇದೆ" ಅಂದಳು. ನನಗೆ ಹೇಳಲಿಲ್ಲ, ಗಾಜಿಗೆ ಹೇಳಿದಳು. ನಾನು ಎರಡು ಸ್ಟಾಪ್ ಮೊದಲೇ ಇಳಿದು ಮಳೆಯಲ್ಲಿ ನಡೆದುಕೊಂಡು ಮನೆಗೆ ಹೋದೆ. ಆಫೀಸಿನಲ್ಲಿ ಒಬ್ಬ ನಗುತ್ತಲೇ, "ನಿಮ್ಮಲ್ಲಿ ಐದಾರು ಮಕ್ಕಳು ಮಾಮೂಲಿ ಅಲ್ವಾ" ಅಂದ. ನಾನೂ ನಕ್ಕೆ. ನಕ್ಕಿದ್ದಕ್ಕೇ ರಾತ್ರಿ ಅಳು ಬಂತು.

ಮೂರನೆಯದು ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ. ಕೆಲವು ದಿನಗಳಿಂದ ರಾತ್ರಿ ಅಂಗೈ, ಅಂಗಾಲು ವಿಪರೀತ ತುರಿಸುತ್ತಿತ್ತು. ಮಿಡ್‌ವೈಫ್ ಹತ್ತಿರ ಹೇಳಿದೆ. ಆಕೆ ಕೈ ಹಿಡಿದು ಸಹ ನೋಡಲಿಲ್ಲ. "ನಿಮ್ಮ ಕಡೆಯ ಹೆಂಗಸರು ಸ್ವಲ್ಪ ಜಾಸ್ತಿನೇ ಗಾಬರಿ ಆಗ್ತಾರೆ. ಇಲ್ಲಿನ ಚಳಿಗೆ ನಿಮ್ಮ ಚರ್ಮ ಒಣಗುತ್ತೆ, ಕ್ರೀಮ್ ಹಚ್ಚಿ" ಅಂದಳು. ನಾನು ಥ್ಯಾಂಕ್ಯೂ ಹೇಳಿ ಎದ್ದು ಬಂದೆ. ಥ್ಯಾಂಕ್ಯೂ ಅಂತೆ! ನಾಳೆ ಹೆರಿಗೆ ಮಾಡಿಸೋರು ಅವರೇ ಅಲ್ವಾ, ಅವರ ಹತ್ತಿರ ಮುಖ ಕೆಡಿಸಿಕೊಂಡು ಏನು ಮಾಡಲಿ ಅನ್ನಿಸಿತು.

ಅಮ್ಮ "ಹೋಗಬ್ಯಾಡ, ಚೊಚ್ಚಲ ಬಾಣಂತನ ತವರುಮನ್ಯಾಗ ಆಗಬೇಕು" ಅಂತ ಹಟ ಹಿಡಿದಿದ್ದಾಳೆ. ನಮ್ಮವರು ಅಲ್ಲಿ ಒಬ್ಬರೇ ತೊಟ್ಟಿಲು ಜೋಡಿಸಿ ಫೋಟೊ ಕಳಿಸಿದ್ದಾರೆ. ಹೊರದೇಶದಲ್ಲಿ ಹೆತ್ತವರು ಯಾರಾದರೂ ಇದ್ದರೆ ಹೇಳಿ. ಇಂಥ ಹೊತ್ತಿನಲ್ಲಿ ನಿಮಗೆ ಬಾಯಿ ಹೇಗೆ ಬರುತ್ತೆ?

ಗಿರ್ಮಿಟ್

ಮೇಡಂ, ಬಸ್ಸಿನಲ್ಲಿ ಮಂದಿ ಏನೇನೋ ಅಂತಾರೆ. ಹುಬ್ಬಳ್ಳಿ ಸಿಟಿ ಬಸ್ಸಿನಲ್ಲಿ ಬೈಸಿಕೊಳ್ಳದೆ ಇಳಿದವರು ಯಾರಿದ್ದಾರೆ? ಪೌಂಡಿನಲ್ಲಿ ಸಂಬಳ ಬೇಕು, ಕೂಸಿಗೆ ಅಲ್ಲಿನ ಪಾಸ್‌ಪೋರ್ಟ್ ಬೇಕು, ಮಾತು ಮಾತ್ರ ಬೇಡ ಅಂದರೆ ಹೆಂಗ್ರಿ? ಸುಮ್ನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಲೆಸ್ಟರ್ ವೈನಿ

ಗಿರ್ಮಿಟ್ ಅವರೇ, ಮೊದಲು ಪಾಸ್‌ಪೋರ್ಟ್ ವಿಷಯ. 1983ರಿಂದ ಈಚೆಗೆ ಬ್ರಿಟನ್ನಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗೋದಿಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಅಲ್ಲಿನ ಪ್ರಜೆ ಆಗಿರಬೇಕು, ಇಲ್ಲವೇ ಖಾಯಂ ಇರೋಕೆ ಪರವಾನಗಿ ಪಡೆದಿರಬೇಕು. ಇದು ಗೊತ್ತಿಲ್ಲದೆ ಅಲ್ಲಿನವರೂ ಇದನ್ನೇ ಅಂತಾರೆ, ಇಲ್ಲಿನವರೂ ಇದನ್ನೇ ಅಂತಾರೆ. ಆ ಅಜ್ಜಿ ಗಾಜಿಗೆ ಹೇಳಿದ್ದೂ ಇದೇ ಮಾತು.

ಹಸಿರುಬಳಿ, ನನ್ನ ಎರಡೂ ಹೆರಿಗೆ ಇಲ್ಲೇ ಇಂಗ್ಲೆಂಡಿನಲ್ಲಿ ಆಗಿದ್ದು. ವಿವರವಾಗಿ ಬರೆಯುತ್ತೇನೆ, ಸಂಜೆ ತನಕ ಟೈಮ್ ಕೊಡಿ.

ಮಾಳಮಡ್ಡಿ ಸಿಸ್ಟರ್

ಎಲ್ಲರೂ ಒಂದು ನಿಮಿಷ ತಡೀರಿ. ತಂಗಿ, ಆ ತುರಿಕೆ ಈಗಲೂ ಇದೆಯಾ? ಮೈಮೇಲೆ ಗುಳ್ಳೆ, ದದ್ದು ಏನಾದರೂ ಇದೆಯಾ? ರಾತ್ರಿ ಹೊತ್ತು ಜಾಸ್ತಿ ಆಗುತ್ತಾ?

ಹಸಿರುಬಳಿ

ಇದೆ ಸಿಸ್ಟರ್. ಗುಳ್ಳೆ ಏನೂ ಇಲ್ಲ. ರಾತ್ರಿ ತಡೆಯೋಕೆ ಆಗೋದಿಲ್ಲ, ಎದ್ದು ಹೋಗಿ ಬಚ್ಚಲಮನೆಯ ತಣ್ಣನೆ ಕಲ್ಲಿನ ಮೇಲೆ ಕಾಲಿಟ್ಟುಕೊಂಡು ನಿಲ್ಲುತ್ತೇನೆ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ.

ಮಾಳಮಡ್ಡಿ ಸಿಸ್ಟರ್

ಹಾಗಾದರೆ ನಾಳೆ ಬೆಳಿಗ್ಗೆ ಮೊದಲ ಕೆಲಸ ರಕ್ತ ಪರೀಕ್ಷೆ. ನಾನು ಮೂವತ್ತು ವರ್ಷಕ್ಕೂ ಮೇಲೆ ಹೆರಿಗೆ ವಾರ್ಡಿನಲ್ಲಿ ದುಡಿದವಳು. ಗುಳ್ಳೆ ಇಲ್ಲದೆ ಅಂಗೈ ಅಂಗಾಲು ತುರಿಸಿದರೆ, ಅದೂ ರಾತ್ರಿ ಜಾಸ್ತಿ ಆದರೆ, ಲಿವರ್ ಕಡೆ ನೋಡಬೇಕು. ಬಸುರಿಯಲ್ಲಿ ಕೆಲವರಿಗೆ ಪಿತ್ತರಸ ಸರಿಯಾಗಿ ಹರಿಯದೆ ರಕ್ತದಲ್ಲಿ ಸೇರಿಕೊಳ್ಳುತ್ತೆ. ಬೈಲ್ ಆಸಿಡ್ ಮತ್ತು ಲಿವರ್ ಫಂಕ್ಷನ್ ಎರಡೂ ಮಾಡಿಸು. ಬೈಲ್ ಆಸಿಡ್ ಎಲ್ಲ ಲ್ಯಾಬಿನಲ್ಲಿ ಮಾಡುವುದಿಲ್ಲ, ಹೊರಗೆ ಕಳಿಸುತ್ತಾರೆ, ಎರಡು ಮೂರು ದಿನ ಹಿಡಿಯಬಹುದು. ಬಹಳ ಮಂದಿಗೆ ಏನೂ ತೊಂದರೆ ಆಗೋದಿಲ್ಲ, ಹೆದರಬೇಡ. ಆದರೆ ಅಂಕಿ ತೀರಾ ಏರಿದರೆ, 100ರ ಮೇಲೆ ಹೋದರೆ, ಕೂಸಿಗೆ ಅಪಾಯ. ಕ್ರೀಮ್ ಹಚ್ಚಿಕೊಂಡು ಕೂರೋ ವಿಷಯ ಅಲ್ಲ ಇದು.

ಇನ್ನೊಂದು ಮಾತು. ಬ್ರಿಟನ್ನಿನಲ್ಲಿ ಈ ಪಿತ್ತದ ತೊಂದರೆ ಸಾವಿರ ಬಸುರಿಯರಲ್ಲಿ ಸುಮಾರು 7 ಮಂದಿಗೆ ಬರುತ್ತೆ. ಭಾರತ, ಪಾಕಿಸ್ತಾನ ಮೂಲದವರನ್ನೇ ತೆಗೆದುಕೊಂಡರೆ ಸಾವಿರಕ್ಕೆ 12ರಿಂದ 15. ಅಂದರೆ ಆಕೆ ಯಾವ ನೆಪ ಹೇಳಿ ನಿನ್ನನ್ನು ಕಳಿಸಿದಳೋ, ಅದೇ ಕಾರಣಕ್ಕೆ ನಿನ್ನನ್ನು ಕೂರಿಸಿಕೊಂಡು ನೋಡಬೇಕಿತ್ತು.

ಗಿರ್ಮಿಟ್

ಹೌದಾ. ಇದು ನನಗೆ ಗೊತ್ತಿರಲಿಲ್ಲ. ಬಸ್ಸಿನ ಮಾತಷ್ಟೇ ಅಂದುಕೊಂಡಿದ್ದೆ.

ಲೆಸ್ಟರ್ ವೈನಿ

ಸಿಸ್ಟರ್ ಹೇಳಿದ್ದನ್ನು ಮೊದಲು ಮಾಡಿ. ಆಮೇಲೆ ನನ್ನ ಕಥೆ ಓದಿ.

ಎಲ್ಲದರಲ್ಲೂ ಭೇದ ಹುಡುಕಬೇಡಿ ಅಂತಲೂ ಹೇಳಬೇಕು, ಯಾಕಂದರೆ ನಾನು ಆ ತಪ್ಪು ಮಾಡಿದ್ದೇನೆ. ಮೊದಲ ಸಲ ನನಗೆ ಶುಗರ್ ಟೆಸ್ಟ್ ಬರೆದರು. ಯಾಕೆ ಅಂತ ಕೇಳಿದೆ. "ನೀವು ಏಷ್ಯನ್ ಅಲ್ವಾ" ಅಂದರು. ಮೈ ಉರಿದುಹೋಯಿತು. ಚೀಟಿ ಪರ್ಸಿನಲ್ಲೇ ಮಡಚಿಟ್ಟು ಒಂದು ವಾರ ಹೋಗಲೇ ಇಲ್ಲ. ಆಮೇಲೆ ಗೊತ್ತಾಯಿತು, ನಮ್ಮ ಕಡೆಯವರಿಗೆ ಬಸುರಿಯಲ್ಲಿ ಸಕ್ಕರೆ ಏರೋದು ಜಾಸ್ತಿ, ಅದಕ್ಕೇ 24ರಿಂದ 28 ವಾರದ ಒಳಗೆ ಎಲ್ಲ ದಕ್ಷಿಣ ಏಷ್ಯಾದವರಿಗೂ ಈ ಟೆಸ್ಟ್ ಮಾಡಿಸುತ್ತಾರೆ ಅಂತ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ಇನ್ನೊಂದು ಸಲ. ನನಗೆ ಸಕ್ಕರೆ ಇತ್ತು ಕೂಡ. ನೀವು ಹೋಗುವ ಹೊತ್ತಿಗೆ ನಿಮ್ಮದೂ ಅದೇ ವಾರ, ಬಿಡಬೇಡಿ.

ಒಂದೇ "ಏಷ್ಯನ್" ಅನ್ನೋ ಮಾತು. ಒಬ್ಬರು ಅದನ್ನು ಹೇಳಿ ಟೆಸ್ಟ್ ಬರೆಯುತ್ತಾರೆ, ಇನ್ನೊಬ್ಬರು ಅದನ್ನೇ ಹೇಳಿ ಮನೆಗೆ ಕಳಿಸುತ್ತಾರೆ. ನಾನು ಈಗ ಅದನ್ನು ಅಳೆಯುವುದು ಹೀಗೆ: ಆ ಮಾತು ಹೇಳಿದ ಮೇಲೆ ನನ್ನ ಕಡೆ ಗಮನ ಜಾಸ್ತಿ ಆಯಿತಾ, ಕಡಿಮೆ ಆಯಿತಾ?

ಕಡಿಮೆ ಆದರೆ ಬಾಯಿ ಬಿಡಿ. ಬೇರೆ ಮಿಡ್‌ವೈಫ್ ಬೇಕು ಅಂತ ಕೇಳಬಹುದು, ಕಾರಣ ಉದ್ದುದ್ದ ಹೇಳಬೇಕಿಲ್ಲ. ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಪಾಲ್ಸ್ ಅಂತ ಒಂದು ಕೌಂಟರ್ ಇರುತ್ತೆ, ರೋಗಿಗಳ ದೂರು ಕೇಳೋಕೇ ಇರೋದು. ಲಿಖಿತ ದೂರಿಗೆ 12 ತಿಂಗಳ ತನಕ ಅವಕಾಶ ಇದೆ. ಅಂದರೆ ಹೆರಿಗೆ ಆದ ಮೇಲೂ ಕೊಡಬಹುದು. "ಹೆರಿಗೆ ಮಾಡಿಸೋರು ಅವರೇ ಅಲ್ವಾ" ಅನ್ನೋ ಭಯ ನನಗೂ ಇತ್ತು. ನಾನು ದೂರು ಬರೆದದ್ದು ಕೂಸಿಗೆ ಮೂರು ತಿಂಗಳಾದ ಮೇಲೆ, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತಾ. 2010ರ ಸಮಾನತೆ ಕಾಯ್ದೆಯಲ್ಲಿ ಜನಾಂಗ, ಬಸಿರು ಎರಡೂ ಬರುತ್ತವೆ. ಆ ಆಫೀಸಿನವನಿಗೆ ಇದನ್ನು ನೆನಪಿಸಿ.

ಸಾವಜಿ ಸ್ಟುಟ್‌ಗಾರ್ಟ್

ಗಂಡಸರ ಕಡೆಯಿಂದ ಒಂದು ಅನುಭವ. ಹೆಮ್ಮೆಯದ್ದಲ್ಲ.

ನನ್ನ ಹೆಂಡತಿಗೆ ಎಂಟು ತಿಂಗಳು. ಟ್ರೇನಿನಲ್ಲಿ ಗದಗಿನ ಅತ್ತೆಯವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಎದುರು ಕೂತವನು "ಇಲ್ಲಿ ಜರ್ಮನ್ ಮಾತಾಡು" ಅಂದ. ನಾನು ಎದ್ದು ನಿಂತೆ. ಅವನೂ ಎದ್ದ. ನಾನು ಕೂಗಿದೆ, ಅವನೂ ಕೂಗಿದ. ಇಡೀ ಬೋಗಿ ನಮ್ಮನ್ನೇ ನೋಡುತ್ತಿತ್ತು. ಕೊನೆಗೆ ಒಬ್ಬ ಮುದುಕಿ ಕೈಚೀಲ ಅಡ್ಡ ಹಿಡಿದುಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತಳು. ಮುಂದಿನ ಸ್ಟೇಷನ್ನಿನಲ್ಲಿ ಅವನು ಇಳಿದ. ನಾನು ಗೆದ್ದೆ ಅಂದುಕೊಂಡೆ.

ಮನೆಗೆ ಬಂದು ಅವಳು ಒಂದೇ ಮಾತು ಹೇಳಿದಳು: "ನೀ ಜಗಳಾಡಿದ್ದು ನಿನ್ನ ಸಲುವಾಗಿ. ನಾ ಹಿಂದ ನಿನ್ನ ಅಂಗಿ ಹಿಡಕೊಂಡು ನಿಂತಿದ್ದೆ, ಗೊತ್ತದನ?" ಗೊತ್ತಿರಲಿಲ್ಲ. ಅಂಗಿ ನೋಡಿದರೆ ಹಿಂದೆ ಒಂದು ಹಿಡಿಯಷ್ಟು ಮುದುಡಿತ್ತು.

ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಹೊರಗೆ ಏನಾದರೂ ಆದರೆ ಏನು ಮಾಡಬೇಕು ಅನ್ನೋದು ಅವಳ ತೀರ್ಮಾನ. ನಾನು ಕೇಳುವುದು ಒಂದೇ, "ಇಳಿಯೋಣಾ?" ಅಂತ. ಜಗಳಕ್ಕೆ ಬೇರೆ ಜಾಗ ಇದೆ. ಜರ್ಮನಿಯಲ್ಲಿ 2006ರಿಂದ ಭೇದಭಾವದ ವಿರುದ್ಧ ಕಾನೂನು ಇದೆ, ಆದರೆ ಕೆಲಸದ ಜಾಗದ ವಿಷಯ ಆದರೆ 2 ತಿಂಗಳೊಳಗೆ ಲಿಖಿತವಾಗಿ ಪರಿಹಾರ ಕೇಳಬೇಕಿತ್ತು. ನಮ್ಮ ಗೆಳೆಯರೊಬ್ಬರು "ಕೂಸು ಹುಟ್ಟಲಿ, ಆಮೇಲೆ ನೋಡೋಣ" ಅಂತ ಕೂತು ಆ ಅವಧಿ ಕಳೆದುಕೊಂಡರು. ಲೆಸ್ಟರ್ ವೈನಿ ಹೇಳಿದ 12 ತಿಂಗಳು ಎಲ್ಲ ಕಡೆ ಸಿಗೋದಿಲ್ಲ.

ಬ್ಯಾಡಗಿ ಖಾರ

ಹಾವೇರಿ ಜಿಲ್ಲೆಯವಳು, ಈಗ ನ್ಯೂಜೆರ್ಸಿ. ಬಾಯಿ ಹೇಗೆ ಬರುತ್ತೆ ಅಂತ ಕೇಳಿದ್ದೀರಿ. ಬರೋದಿಲ್ಲ ಅಕ್ಕಾ, ಮೊದಲೇ ಕಟ್ಟಿಟ್ಟುಕೊಳ್ಳಬೇಕು. ಬುತ್ತಿ ಕಟ್ಟಿಟ್ಟ ಹಾಗೆ.

ನನಗೆ ಹೆರಿಗೆ ನೋವು ಶುರುವಾದಾಗ ಬೆನ್ನಿಗೆ ಕೊಡುವ ಇಂಜೆಕ್ಷನ್ ಬೇಕು ಅಂದೆ. ನರ್ಸ್ "ಈಗಲೇ ಬೇಡ" ಅಂದು, ಹೊರಗೆ ಹೋಗುತ್ತಾ ಇನ್ನೊಬ್ಬಳಿಗೆ "ಇಂಡಿಯನ್ಸ್ ಯಾವಾಗಲೂ ಕೂಗಾಡೋದು ಜಾಸ್ತಿ" ಅಂದಳು. ಕೇಳಿಸಿತು. ನಮ್ಮ ಅತ್ತೆಗೆ ಇಂಗ್ಲಿಷ್ ಬರೋದಿಲ್ಲ, ಆದರೆ ದನಿ ಅರ್ಥ ಆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಹತ್ತಿರ ಹೋಗಿ, "ಏ ತಂಗಿ, ಬಾ ಇಲ್ಲೆ" ಅಂದರು. ಅಚ್ಚ ಬ್ಯಾಡಗಿ ಕನ್ನಡ. ಆಕೆ ವಾಪಸ್ ಬಂದೇ ಬಿಟ್ಟಳು! ನನ್ನ ಹತ್ತಿರ ಒಂದೇ ವಾಕ್ಯ ರೆಡಿ ಇತ್ತು, ಮೊದಲು ಹೆತ್ತ ಗೆಳತಿಯೊಬ್ಬಳು ಕಲಿಸಿದ್ದು: "ನಾನು ಎರಡು ಗಂಟೆ ಹತ್ತು ನಿಮಿಷಕ್ಕೆ ಕೇಳಿದೆ, ನೀವು ಬೇಡ ಅಂದಿರಿ. ಇದನ್ನು ನನ್ನ ಫೈಲಿನಲ್ಲಿ ಬರೀರಿ."

ಬೈಗುಳ ಇಲ್ಲ, ಭೇದಭಾವ ಅನ್ನೋ ಮಾತೂ ಇಲ್ಲ. ಬರೀರಿ, ಅಷ್ಟೇ. ಇಪ್ಪತ್ತು ನಿಮಿಷದಲ್ಲಿ ಡಾಕ್ಟರ್ ಬಂದರು. ಬಾಯಿಮಾತಿನಲ್ಲಿ ಬೇಡ ಅನ್ನೋದು ಸುಲಭ. ಬರೆದು ಕೆಳಗೆ ಹೆಸರು ಹಾಕಬೇಕು ಅಂದಾಗ ಮನುಷ್ಯರು ಇನ್ನೊಂದು ಸಲ ಯೋಚಿಸುತ್ತಾರೆ.

ಗದಗಿನ ಕಾಕಾ

ನನ್ನ ಮಗಳು ಐರ್ಲೆಂಡಿನಲ್ಲಿ ನರ್ಸ್. ಆಕೆಗೂ ಈಗ ಐದನೇ ತಿಂಗಳು. "ನೀನು ನನ್ನನ್ನು ಮುಟ್ಟಬೇಡ" ಅನ್ನುವ ರೋಗಿಗಳೂ ಇದ್ದಾರಂತೆ. ಕೈಗವಸು ಬದಲಿಸಿಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಾಳೆ. 2025ರ ಆಗಸ್ಟ್ 1ರಂದು ಡಬ್ಲಿನ್ನಿನ ನಮ್ಮ ರಾಯಭಾರ ಕಚೇರಿ, ಭಾರತೀಯರ ಮೇಲೆ ಹಲ್ಲೆ ಆಗುತ್ತಿವೆ, ನಿರ್ಜನ ಜಾಗಗಳಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಓಡಾಡಬೇಡಿ ಅಂತ ಸೂಚನೆ ಕೊಟ್ಟಾಗಿನಿಂದ ನನಗೆ ನಿದ್ದೆ ಕಡಿಮೆ. ನೈಟ್ ಡ್ಯೂಟಿ ಇರೋಳಿಗೆ ಹೊತ್ತಲ್ಲದ ಹೊತ್ತು ಅಂದರೆ ಯಾವುದು?

ನಮ್ಮ ಕಡೆಯವರಿಗೆ ಐರ್ಲೆಂಡ್ ಅಂದರೆ ಇನ್ನೊಂದು ನೆನಪೂ ಇದೆ. ಬೆಳಗಾವಿಯ ಸವಿತಾ ಹಾಲಪ್ಪನವರ. 2012ರ ಅಕ್ಟೋಬರ್ 28, ಗಾಲ್ವೇ. 31 ವರ್ಷ. ಗರ್ಭ ಉಳಿಯೋದಿಲ್ಲ ಅಂತ ಗೊತ್ತಿದ್ದೂ ಗರ್ಭಪಾತ ಮಾಡಲಿಲ್ಲ, ಸೋಂಕು ಏರಿ ತೀರಿಕೊಂಡಳು. ಆ ಸಾವಿಗೆ ಮೂಲ ಅಲ್ಲಿನ ಅಂದಿನ ಕಾನೂನು, ಮೈಬಣ್ಣ ಅಂತ ನಾನು ಹೇಳುತ್ತಿಲ್ಲ, ಎರಡನ್ನೂ ಕಲಸಬಾರದು. ಆದರೆ ವಿಚಾರಣೆಯಲ್ಲಿ ಇನ್ನೊಂದು ವಿಷಯವೂ ಹೊರಬಂತು. ರಕ್ತಪರೀಕ್ಷೆಯ ರಿಪೋರ್ಟನ್ನು ಸಕಾಲಕ್ಕೆ ಗಮನಿಸಿರಲಿಲ್ಲ, ನಾಡಿ, ಜ್ವರ ನೋಡಬೇಕಾದಷ್ಟು ಸಲ ನೋಡಿರಲಿಲ್ಲ. 2018ರಲ್ಲಿ ಅಲ್ಲಿನ ಜನ ಮತ ಹಾಕಿ ಗರ್ಭಪಾತ ತಡೆಯುತ್ತಿದ್ದ ಸಂವಿಧಾನದ ಕಲಮನ್ನೇ ತೆಗೆದರು. ಹಸಿರುಬಳಿ ತಾಯಿ, ತುರಿಕೆಯೇ ಇರಲಿ, ಜ್ವರವೇ ಇರಲಿ, ನೋಡಿ ಅಂತ ಎರಡನೇ ಸಲ ಕೇಳಿ. ಮೂರನೇ ಸಲವೂ ಕೇಳಿ.

ಲೆಸ್ಟರ್ ವೈನಿ

ಕಾಕಾ, ನಿಮ್ಮ ಮಗಳಿಗೆ ಸುಖವಾಗಿ ಆಗಲಿ. ಹೆದರಿಕೆ ಜಾಸ್ತಿ ಆಗಬಾರದು ಅಂತ ಅಂಕಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ 2020ರಿಂದ 22ರವರೆಗಿನ ತಾಯಂದಿರ ಸಾವಿನ ಲೆಕ್ಕದಲ್ಲಿ, ಕಪ್ಪು ಮಹಿಳೆಯರದು ಬಿಳಿಯರಿಗಿಂತ ಹೆಚ್ಚೂಕಡಿಮೆ 3 ಪಟ್ಟು, ಏಷ್ಯನ್ನರದು ಹತ್ತಿರಹತ್ತಿರ 2 ಪಟ್ಟು. ಆದರೆ ಒಟ್ಟು ಸಾವು ಲಕ್ಷ ಹೆರಿಗೆಗೆ 13ರ ಆಸುಪಾಸು. ತೀರಾ ಕಡಿಮೆ. ಆ ಪಟ್ಟುಗಳ ಲೆಕ್ಕ ಮಾತ್ರ ಬ್ರಿಟನ್ನಿನವರೇ ಅಚ್ಚು ಹಾಕಿಸಿದ್ದು, ನಾವು ಗಾಬರಿಯಲ್ಲಿ ಹುಟ್ಟಿಸಿದ್ದಲ್ಲ.

ಕಲಘಟಗಿ ಹಾದಿ

ನಾನು ವಿದೇಶಕ್ಕೆ ಹೋದವನಲ್ಲ. ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅಂತ.

ನಾವು ಸಿದ್ದಿಯರು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗೋವಾಕ್ಕೆ ತಂದವರು ಪೋರ್ಚುಗೀಸರು ಅಂತಾರೆ, ಆಗಿ ನೂರಾರು ವರ್ಷ ಆಯಿತು. ನನ್ನ ಹೆಂಡತಿಗೆ ಏಳು ತಿಂಗಳಿದ್ದಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿ ಮಾಡುವ ಹುಡುಗ ಆಕೆಯ ಮುಖ ನೋಡಿ ಪಾಸ್‌ಪೋರ್ಟ್ ಕೇಳಿದ. ಆಕೆ ಊರು, ತಾಲೂಕು, ಜಿಲ್ಲೆ ಎಲ್ಲ ಹೇಳಿದಳು. "ಕನ್ನಡ ಚಲೋ ಕಲ್ತೀರಿ" ಅಂದ. ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕಿರಲಿಕ್ಕಿಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯ ನಮಗೆ ಅದು ಸಿಗೋಕೆ 2020 ಬರಬೇಕಾಯಿತು. ಅಲ್ಲಿ ತನಕ ನಾವು ಕಾಗದದಲ್ಲೂ ಹೊರಗಿನವರೇ.

ಹಸಿರುಬಳಿ ಅಕ್ಕಾ, ನಿಮ್ಮ ಬಸ್ಸಿನ ಅಜ್ಜಿ ನನಗೆ ಗೊತ್ತು. ಆಕೆ ಇಲ್ಲೂ ಓಡಾಡುತ್ತಾಳೆ.

ಗಿರ್ಮಿಟ್

ಪಾಸ್‌ಪೋರ್ಟ್ ಕೇಳಿದನಾ? ಏನ್ ಮಂದಿ ರೀ.

ಕಲಘಟಗಿ ಹಾದಿ

ಬಸ್ಸಿನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ನೀವೇ ಬರೆದಿದ್ದಿರಲ್ಲ ಅಣ್ಣಾ.

ಮಾಳಮಡ್ಡಿ ಸಿಸ್ಟರ್

ತಮ್ಮಾ, ನೀನು ಬರೆದದ್ದು ಒಳ್ಳೆಯದಾಯಿತು. ನಾನೂ ಒಂದು ಹೇಳಿಬಿಡುತ್ತೇನೆ. ನಮ್ಮ ವಾರ್ಡಿಗೆ ತಾಂಡಾದಿಂದ ಬಂದ ಹೆಂಗಸರು ನೋವಿಗೆ ಕೂಗಿದರೆ, "ಹೋದ ವರ್ಷನೂ ಬಂದಿದ್ದಿ, ಆಗ ಬುದ್ಧಿ ಇರಲಿಲ್ಲೇನು" ಅಂತ ಬೈದಿದ್ದೇನೆ. ತೊಡೆಗೆ ಹೊಡೆದವರನ್ನು ನೋಡಿ ಸುಮ್ಮನಿದ್ದೇನೆ. 2017ರ ಕೊನೆಗೆ ಲಕ್ಷ್ಯ ಅಂತ ಕೇಂದ್ರದ ಯೋಜನೆ ಬಂತು, ಹೆರಿಗೆ ಕೋಣೆಯಲ್ಲಿ ಮರ್ಯಾದೆಯಿಂದ ನಡೆದುಕೊಳ್ಳಬೇಕು ಅಂತ ಟ್ರೇನಿಂಗ್ ಕೊಟ್ಟರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ತಲೆ ಎತ್ತೋಕೆ ಆಗಲಿಲ್ಲ. ಆ ಇಂಗ್ಲೆಂಡಿನ ಮಿಡ್‌ವೈಫ್ ಏನಂದುಕೊಂಡು ಹಾಗೆ ಹೇಳಿದಳು ಅಂತ ನನಗೆ ಚೆನ್ನಾಗಿ ಗೊತ್ತು. ಸುಸ್ತಾಗಿರುತ್ತೆ, ಎದುರಿಗಿರೋಳು ಯಾವ ಪೈಕಿ ಅಂತ ಮೊದಲೇ ತೀರ್ಮಾನ ಆಗಿರುತ್ತೆ, ಬಾಯಿ ತಾನಾಗಿ ಆಡುತ್ತೆ.

ನಮಗೆ ಆಗ ಯಾರೂ "ಇದನ್ನು ಬರೀರಿ ಸಿಸ್ಟರ್" ಅನ್ನಲಿಲ್ಲ.

ಹಸಿರುಬಳಿ

ರಿಪೋರ್ಟ್ ಬಂತು. ಬೈಲ್ ಆಸಿಡ್ 24. ಲಿವರ್‌ದು ಒಂದು ಸ್ವಲ್ಪ ಜಾಸ್ತಿ. ಇಲ್ಲಿನ ಡಾಕ್ಟರ್, ಸೌಮ್ಯವಾಗಿದೆ, ಭಯ ಬೇಡ, ಪ್ರಯಾಣ ಮಾಡಬಹುದು, ಆದರೆ ಮತ್ತೆ ಮತ್ತೆ ರಕ್ತ ನೋಡಿಸಬೇಕು ಅಂದರು. ಅಮ್ಮ ಪೂರ್ತಿ ಕೇಳಿಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು, "ಹೋಗು. ಆದ್ರ ಆಕಿ ಮುಂದ ಈ ಕಾಗದ ಇಟ್ಟು ಕೇಳು" ಅಂದಳು. ಹಟ ಬಿಟ್ಟಳೋ, ನನ್ನನ್ನು ಜಗಳಕ್ಕೆ ಕಳಿಸುತ್ತಿದ್ದಾಳೋ ಗೊತ್ತಾಗಲಿಲ್ಲ.

ಲೆಸ್ಟರ್ ವೈನಿ

19ರ ಮೇಲೆ ಇದ್ದರೆ ಇಲ್ಲಿ ಜಾಸ್ತಿ ಅಂತಲೇ ಲೆಕ್ಕ. 40ರ ಒಳಗಿದ್ದರೆ ಸೌಮ್ಯ. ಮೂಲ ರಿಪೋರ್ಟ್ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿಗೆ ಹಾಕಬೇಡಿ. ಅಮ್ಮ ತುಪ್ಪದ ಡಬ್ಬಿ ಕೊಟ್ಟರೆ ತರಬೇಡಿ. ಭಾರತದಿಂದ ಹಾಲು, ತುಪ್ಪ, ಬೆಣ್ಣೆ ಇಲ್ಲಿಗೆ ಬಿಡೋದಿಲ್ಲ, ಅದರಲ್ಲಿ ಭೇದಭಾವ ಏನಿಲ್ಲ, ಅಮೆರಿಕದ ತುಪ್ಪಕ್ಕೂ ಅದೇ ಗತಿ. ಬೇಸನ್ ಉಂಡಿ ಅಲ್ಲೇ ಮುಗಿಸಿ, ಶೇಂಗಾ ಉಂಡಿ ತನ್ನಿ.

ಕೂಸು ಹುಟ್ಟಿದ ಮೇಲೆ ಒಂದು ನೆನಪಿಡಿ. ನಮ್ಮ ಮಕ್ಕಳಿಗೆ ಬೆನ್ನಿನ ಕೆಳಗೆ, ಕುಂಡಿ ಮೇಲೆ ನೀಲಿ ಮಚ್ಚೆ ಇರುತ್ತೆ, ಗೊತ್ತಲ್ಲ? ಗೊತ್ತಿಲ್ಲದವರು ಅದನ್ನು ಪೆಟ್ಟಿನ ಗುರುತು ಅಂದುಕೊಳ್ಳುತ್ತಾರೆ. ಮೊದಲ ದಿನವೇ ಅದನ್ನು ತೋರಿಸಿ, ಕೂಸಿನ ಕೆಂಪು ಪುಸ್ತಕದಲ್ಲಿ (ಇಲ್ಲಿ ಕೊಡುವ ಆರೋಗ್ಯ ದಾಖಲೆ) ಬರೆಸಿ. ಕಾಮಾಲೆ ನೋಡುವಾಗಲೂ ಮೈಬಣ್ಣ ನೋಡಿ ಬಿಡಬೇಡಿ ಅನ್ನಿ. ನಮ್ಮ ಮಕ್ಕಳಲ್ಲಿ ಅದು ಕಣ್ಣಿನ ಬಿಳಿಯಲ್ಲಿ, ಒಸಡಿನಲ್ಲಿ ಬೇಗ ಕಾಣುತ್ತೆ.

ಹಸಿರುಬಳಿ

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. 31 ವಾರ ದಾಟಿದೆ.

ಅದೇ ಮಿಡ್‌ವೈಫ್. ಬದಲಿಸಿಕೊಳ್ಳಬೇಕು ಅಂದುಕೊಂಡಿದ್ದೆ, ಆ ದಿನ ಅವಳೇ ಇದ್ದಳು. ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ರಿಪೋರ್ಟ್ ಮೇಜಿನ ಮೇಲಿಟ್ಟೆ. ಬಳೆಗಳು ಮೇಜಿಗೆ ತಾಗಿ ಜೋರಾಗಿ ಸದ್ದಾಯಿತು, ನಾನೇ ಬೆಚ್ಚಿದೆ. "ಹೋದ ಸಲ ನಾನು ತುರಿಕೆ ಅಂದೆ. ನಮ್ಮ ಕಡೆಯ ಹೆಂಗಸರು ಗಾಬರಿ ಜಾಸ್ತಿ ಅಂದಿರಿ. ಎರಡನ್ನೂ ನನ್ನ ಫೈಲಿನಲ್ಲಿ ಬರೀರಿ" ಅಂದೆ. ದನಿ ನಡುಗುತ್ತಿತ್ತು. ಆಕೆ ಟೈಪ್ ಮಾಡೋದು ನಿಲ್ಲಿಸಿದಳು. ಕುತ್ತಿಗೆ ತನಕ ಕೆಂಪಾಯಿತು. ಹಾಗೆ ಹೇಳಿದ ನೆನಪಿಲ್ಲ ಅಂದಳು. ನನಗಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದಳು. ತುರಿಕೆಯ ವಿಷಯ ಬರೆದಳು. ಇನ್ನೊಂದನ್ನು ಬರೆದಳೋ ಇಲ್ಲವೋ ಪರದೆ ನನಗೆ ಕಾಣಲಿಲ್ಲ. ಅವತ್ತೇ ರಕ್ತ ತೆಗೆದರು. ಈಗ ದೊಡ್ಡ ಡಾಕ್ಟರ್ ನೋಡುತ್ತಿದ್ದಾರೆ, ಅಂಕಿ 30ರ ಒಳಗೇ ಇದೆ. ಶುಗರ್ ಇಲ್ಲ.

ಹೊರಗೆ ಬಂದು ಟಾಯ್ಲೆಟ್ಟಿನಲ್ಲಿ ಕೂತು ಹತ್ತು ನಿಮಿಷ ಅತ್ತೆ. ಗೆದ್ದ ಹಾಗೆ ಏನೂ ಅನ್ನಿಸಲಿಲ್ಲ, ಬ್ಯಾಡಗಿ ಖಾರ ಅವರೇ. ನಿಮ್ಮ ಅತ್ತೆ ಜೊತೆಗಿರಬೇಕಿತ್ತು.

ಬಸ್ಸಿನ ಅಜ್ಜಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಆದರೆ ಈಗ ನನ್ನ ಸ್ಟಾಪಿನಲ್ಲೇ ಇಳಿಯುತ್ತೇನೆ.

ಮಾಳಮಡ್ಡಿ ಸಿಸ್ಟರ್

ಲಿಖಿತ ದೂರು ಕೊಟ್ಟಾಗ ಫೈಲಿನ ಪ್ರತಿ ಕೇಳು, ಏನು ಬರೆದಿದ್ದಾಳೆ ಅಂತ ಆಗ ಗೊತ್ತಾಗುತ್ತೆ. ಕೂಸಿನ ಓಡಾಟ ಎಂದಾದರೂ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡ, ರಾತ್ರಿ ಎರಡು ಗಂಟೆ ಆದರೂ ಆಸ್ಪತ್ರೆಗೆ ಫೋನ್ ಮಾಡು. ಅಮ್ಮ ಯಾವಾಗ ಬರುತ್ತಾಳೆ?

ಹಸಿರುಬಳಿ

36ನೇ ವಾರಕ್ಕೆ, ಸಿಸ್ಟರ್. ವೀಸಾ ಬಂದಿದೆ. ತುಪ್ಪ ಬಿಡೋದಿಲ್ಲ ಅಂತ ಎಷ್ಟು ಹೇಳಿದರೂ ನಂಬುತ್ತಿಲ್ಲ.